ಒದ್ದೆ ಚರ್ಮಕ್ಕೆ ನೀರಿನದೇ ಪದರ ಬೇಕು

ಡಿಜಿಟಲ್ ಪಾತ್ರಗಳ ಚರ್ಮ, ಕೂದಲು ಮತ್ತು ಬಟ್ಟೆಗಳಿಗೆ ಶೇಡರ್ (ಮೇಲ್ಮೈ ಬೆಳಕಿಗೆ ಹೇಗೆ ಸ್ಪಂದಿಸಬೇಕೆಂದು ಕಂಪ್ಯೂಟರಿಗೆ ತಿಳಿಸುವ ಸೂಚನೆ) ರಚಿಸುವುದು ನನ್ನ ಕೆಲಸ. ಮಳೆಯಲ್ಲಿ ನೆನೆದ ಅಥವಾ ಬೆವರಿದ ಮುಖವನ್ನು ಕೊಟ್ಟಾಗ, ತಂಡಕ್ಕೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಇಡೀ ಮುಖದ ಒರಟುತನವನ್ನು ಸೂಚಿಸುವ ರಫ್‌ನೆಸ್ ಅನ್ನು ಒಂದೇ ಸಮನೆ ಇಳಿಸಿ, ಸ್ಪೆಕ್ಯುಲರ್ ಅನ್ನು, ಎಂದರೆ ಮೇಲ್ಮೈಯ ಪ್ರತಿಫಲನವನ್ನು, ಏರಿಸುತ್ತಾರೆ. ಮುಖ ಹೊಳೆಯುತ್ತದೆ, ನಿಜ; ಆದರೆ ನೆನೆದ ಮುಖದ ಬದಲು ಪ್ಲಾಸ್ಟಿಕ್ಕಿನ ಮುಖವೊಂದು ಎದುರು ನಿಲ್ಲುತ್ತದೆ.

ಕಾರಣ ಬೆಳಕಿನ ಲೆಕ್ಕದಲ್ಲಿದೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.33, ಚರ್ಮದ್ದು ಸುಮಾರು 1.4. ನೇರವಾಗಿ ಬೀಳುವ ಬೆಳಕಿನಲ್ಲಿ ಒಣ ಚರ್ಮದ ಮೇಲ್ಮೈ ಸುಮಾರು ಶೇ. 2.8ರಷ್ಟನ್ನು ಪ್ರತಿಫಲಿಸಿದರೆ, ನೀರಿನ ಮೇಲ್ಮೈ ಪ್ರತಿಫಲಿಸುವುದು ಶೇ. 2ರಷ್ಟನ್ನು ಮಾತ್ರ. ಹಾಗಿದ್ದೂ ಒದ್ದೆ ಚರ್ಮ ಹೆಚ್ಚು ಹೊಳೆಯುವುದೇಕೆಂದರೆ, ಚರ್ಮದ ಸೂಕ್ಷ್ಮ ಗೆರೆಗಳು ಮತ್ತು ರಂಧ್ರಗಳು ನಾನಾ ದಿಕ್ಕಿಗೆ ಚದುರಿಸುತ್ತಿದ್ದ ಬೆಳಕನ್ನು, ಆ ತಗ್ಗುಗಳನ್ನು ತುಂಬಿದ ನೀರಿನ ನಯವಾದ ಮೇಲ್ಮೈ ಕಿರಿದಾದ, ಹರಿತವಾದ ಹೊಳಪಾಗಿ ಹಿಂದಿರುಗಿಸುತ್ತದೆ. ಇನ್ನೊಂದು ಸಂಗತಿಯನ್ನು ನಾನು ಇದಕ್ಕಿಂತಲೂ ಮುಖ್ಯವೆಂದು ಎಣಿಸುತ್ತೇನೆ. ನೀರು ಮತ್ತು ಚರ್ಮ ಸೇರುವಲ್ಲಿ ಸೂಚ್ಯಂಕಗಳ ಅಂತರ ಅತ್ಯಲ್ಪವಾಗಿರುವುದರಿಂದ ಅಲ್ಲಿನ ಪ್ರತಿಫಲನ ಶೇ. 0.1ಕ್ಕಿಂತ ಕಡಿಮೆ, ಎಂದರೆ ನೀರಿನಡಿಯಲ್ಲಿ ಚರ್ಮದ ಸ್ವಂತ ಹೊಳಪು ಬಹುಮಟ್ಟಿಗೆ ಅಳಿದುಹೋಗುತ್ತದೆ.

ಆದ್ದರಿಂದ ನಾನು ಚರ್ಮದ ಶೇಡರ್‌ನ ಮೇಲೆ ನೀರನ್ನು ಪ್ರತ್ಯೇಕ ಕೋಟ್ (ಮೇಲುಲೇಪ) ಪದರವಾಗಿ ಇಡುತ್ತೇನೆ, ಮತ್ತು ನೀರಿರುವಲ್ಲಿ ಮಾತ್ರ ಚರ್ಮದ ಸ್ಪೆಕ್ಯುಲರ್ ಅನ್ನು ತಗ್ಗಿಸುತ್ತೇನೆ. ಕೆಲವು ಶೇಡರ್‌ಗಳಲ್ಲಿ ಕೋಟ್‌ನ ಸೂಚ್ಯಂಕ ಮೊದಲಿನಿಂದಲೇ 1.5 ಎಂದಿರುತ್ತದೆ, ಅದನ್ನು 1.33ಕ್ಕೆ ಬದಲಿಸದಿದ್ದರೆ ವಾರ್ನಿಷ್ ಬಳಿದ ಮುಖ ಸಿಗುತ್ತದೆ. ರಂಧ್ರಗಳ ಬಂಪ್ (ಉಬ್ಬುತಗ್ಗು ತೋರಿಸುವ ಪರಿಣಾಮ) ಚರ್ಮಕ್ಕೇ ಸೀಮಿತವಾಗಿರಬೇಕು, ಅದನ್ನು ಕೋಟ್‌ಗೆ ಹಾಯಿಸಬಾರದು. ಒದ್ದೆಯಾದ ಬಟ್ಟೆ ಕಪ್ಪಾಗುತ್ತದೆಂದು ಚರ್ಮವನ್ನೂ ಕಪ್ಪಾಗಿಸುವ ಅಭ್ಯಾಸ ಕೆಲವರಿಗಿದೆ. ಬಟ್ಟೆಯ ನೂಲುಗಳ ನಡುವಿನ ಜಾಗವನ್ನು ನೀರು ತುಂಬುವುದರಿಂದ ಅದು ಕಪ್ಪಾಗುತ್ತದೆ. ಚರ್ಮ ಹಾಗೆ ನೀರು ಹೀರುವುದಿಲ್ಲವಾದ್ದರಿಂದ ಬಣ್ಣವನ್ನೂ, ಬೆಳಕು ಚರ್ಮದೊಳಗೆ ಹೊಕ್ಕು ಚದುರಿ ಹೊರಬರುವ ಸಬ್‌ಸರ್ಫೇಸ್ ಸ್ಕ್ಯಾಟರಿಂಗ್ ಅನ್ನೂ ನಾನು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತೇನೆ.

ನಿಜವಾದ ಶ್ರಮವೆಲ್ಲ ನೀರು ಎಲ್ಲಿದೆ, ಎಲ್ಲಿಲ್ಲ ಎಂದು ತೀರ್ಮಾನಿಸುವುದರಲ್ಲಿದೆ. ಚರ್ಮದ ಮೇಲೆ ಸಹಜವಾಗಿಯೇ ಎಣ್ಣೆಯಂಶವಿರುವುದರಿಂದ ನೀರು ಸಮನಾಗಿ ಹರಡದೆ ಒಡೆದು ಹನಿಗಟ್ಟುತ್ತದೆ. ಬೆವರು ಹಣೆಯಲ್ಲಿ ಮತ್ತು ಮೇಲ್ದುಟಿಯ ಮೇಲ್ಭಾಗದಲ್ಲಿ ಸಣ್ಣ ಮಣಿಗಳಾಗಿ ಮೂಡುತ್ತದೆ. ಮಳೆಯ ನೀರಾದರೋ ಹುಬ್ಬಿನಲ್ಲಿ ತಡೆದು, ಮೂಗಿನ ಬದಿಯಿಂದ ಇಳಿದು, ಗಲ್ಲದ ತುದಿಯಲ್ಲಿ ಜೋತುಬೀಳುತ್ತದೆ. ಬೆವರಿದ ಮುಖಕ್ಕೂ ಮಳೆಯಲ್ಲಿ ನೆನೆದ ಮುಖಕ್ಕೂ ನೀರಿರುವ ಜಾಗವನ್ನು ಗುರುತಿಸುವ ಒಂದೇ ಮಾಸ್ಕ್ ಬಳಸುವುದನ್ನು ನಾನು ಒಪ್ಪುವುದಿಲ್ಲ. ತೆಳುಪೊರೆ, ಹರಿದ ಜಾಡು, ಹನಿ ಇವುಗಳಿಗೆ ಬೇರೆ ಬೇರೆ ಮಾಸ್ಕ್ ಬರೆದು, ಜಾಡು ಹಾದುಹೋದ ಕಡೆ ಸಣ್ಣ ಹನಿಗಳನ್ನು ಅಳಿಸುತ್ತೇನೆ, ಏಕೆಂದರೆ ಹರಿಯುವ ಹನಿಯು ದಾರಿಯಲ್ಲಿ ಸಿಕ್ಕವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ.

ಕ್ಲೋಸ್‌ಅಪ್‌ನಲ್ಲಿ ಹನಿಗಳಿಗೆ ನಿಜವಾದ ಜಾಮಿಟ್ರಿಯೇ (ಮೂರು ಆಯಾಮದ ಆಕಾರವೇ) ಬೇಕು. ಹನಿಯ ತಳ ಚರ್ಮದೊಳಗೆ ಕೂದಲೆಳೆಯಷ್ಟು ಹುದುಗಿರಬೇಕು. ನಡುವೆ ಗಾಳಿಯ ತೆರಪು ಉಳಿದರೆ ಕೆಲವು ಕೋನಗಳಲ್ಲಿ ಪೂರ್ಣ ಆಂತರಿಕ ಪ್ರತಿಫಲನವಾಗಿ ಹನಿಯ ಸುತ್ತ ಬೆಳ್ಳಿಯಂಥ ಅಂಚು ಕಾಣಿಸುತ್ತದೆ. ಮೇಲಿನಿಂದ ಬೆಳಕು ಬಿದ್ದ ಹನಿಯ ಮೇಲ್ತುದಿಯಲ್ಲಿ ಪುಟ್ಟ ಹೊಳಪಿದ್ದರೆ, ಹನಿಯು ಬೆಳಕನ್ನು ಕೇಂದ್ರೀಕರಿಸುವುದರಿಂದ ಅದರ ಕೆಳಬದಿಯ ಚರ್ಮ ಬೆಳಗುತ್ತದೆ. ಈ ಎರಡನೆಯ ಬೆಳಕಿಲ್ಲದ ಹನಿಗಳು ಅಂಟಿಸಿದಂತೆ ಕಾಣುವುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ.

ಬೆಳಕಿನ ವಿಭಾಗದವರೊಡನೆ ಮೊದಲೇ ಮಾತನಾಡುವುದು ಅಗತ್ಯ. ಎಲ್ಲ ಕಡೆಯಿಂದ ಸಮನಾದ ಬೆಳಕಿದ್ದರೆ ಎಷ್ಟು ಒಳ್ಳೆಯ ಶೇಡರ್ ಆದರೂ ಒದ್ದೆತನ ತಿಳಿಯುವುದಿಲ್ಲ. ಹಿಂಬದಿಯಿಂದ ಓರೆಯಾಗಿ ಬರುವ ಒಂದು ಕಿರಿದಾದ ದೀಪ ಅದನ್ನು ಎತ್ತಿ ತೋರಿಸುತ್ತದೆ. ಪಾತ್ರ ಕ್ಯಾಮೆರಾದಿಂದ ದೂರ ಸರಿದಾಗ ಪಿಕ್ಸೆಲ್‌ಗಿಂತ ಚಿಕ್ಕದಾದ ಹನಿಗಳು ಫ್ರೇಮ್‌ನಿಂದ ಫ್ರೇಮ್‌ಗೆ ಮಿನುಗತೊಡಗುತ್ತವೆ. ಅಂಥ ಶಾಟ್‌ಗಳಲ್ಲಿ ಹನಿಗಳನ್ನು ತೆಗೆದು, ಅವುಗಳ ಏರಿಳಿತಕ್ಕೆ ಹೊಂದುವಂತೆ ಕೋಟ್‌ನ ರಫ್‌ನೆಸ್ ಅನ್ನು ತುಸು ಹೆಚ್ಚಿಸುತ್ತೇನೆ.