ಅಮ್ಮ ಬಸುರಿಯಾಗಿದ್ದಾಗ ಏನಾಗಿತ್ತು ಎಂದು ಕೇಳುವವರಿಗೆ

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ನರಗಳ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಹೆಚ್ಚಿನವರು ಮೊದಲು ಕೇಳುವುದು ನನ್ನ ಬಗ್ಗೆ ಅಲ್ಲ, ಅಮ್ಮನ ಬಗ್ಗೆ. "ನೀನು ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ಏನಾದರೂ ತೊಂದರೆಯಾಗಿತ್ತೇ?" ಉಡುಪಿಯ ನೆಂಟರು ತುಳುವಿನಲ್ಲಿ ಕೇಳುತ್ತಾರೆ, ಪಕ್ಕದ ಮನೆಯವರು ಕೊಂಕಣಿಯಲ್ಲಿ ಕೇಳುತ್ತಾರೆ. ಗ್ರಹಣದ ದಿನ ಹೊರಗೆ ಬಂದಿದ್ದಳೇ? ಪಪ್ಪಾಯಿ ತಿಂದಿದ್ದಳೇ? ನಾಗನಿಗೆ ಹೇಳಿಕೊಂಡ ಹರಕೆ ಬಾಕಿ ಇತ್ತೇ? ಇತ್ತೀಚೆಗೆ ಮೊಬೈಲಿನಲ್ಲಿ ಓದಿಕೊಂಡವರು ವಿಟಮಿನ್ ಡಿ ಕೊರತೆಯ ಮಾತು ತೆಗೆಯುತ್ತಾರೆ. ಮನೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿದೆವು, ಅಮ್ಮನ ಮನಸ್ಸಿಗೆ ಅಷ್ಟು ಸಮಾಧಾನವಾಯಿತು. ಕೇಳುವವರು ಮಾತ್ರ ನಿಲ್ಲಿಸಿಲ್ಲ.

ನನ್ನ ಉತ್ತರ ಇದು. ಅಮ್ಮ ಮಾಡಿದ ಅಥವಾ ಮಾಡದೆ ಬಿಟ್ಟ ಯಾವುದೋ ಒಂದು ಕೆಲಸದಿಂದ ಈ ಕಾಯಿಲೆ ಬರುವುದಿಲ್ಲ. ಹಾಗೆಂದು ಗರ್ಭಕ್ಕೂ ಬಾಲ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಂಬಂಧ ಇದೆ. ಅದು ಎಷ್ಟು ಎಂಬುದನ್ನು ಅಳತೆಯಿಟ್ಟು ಹೇಳಬೇಕಾಗಿದೆ.

ಎಂ.ಎಸ್. ಎಂದರೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮೈಲಿನ್ ಎಂಬ ಹೊದಿಕೆಯನ್ನು ಹಾಳುಮಾಡುವುದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ನಾಲ್ಕರಲ್ಲಿ ಒಂದು ಜೋಡಿಯಲ್ಲಿ ಎಂದು ಕೆನಡಾದ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು. ಅದೇ ತಾಯಿ, ಅದೇ ಗರ್ಭ, ಅದೇ ಒಂಬತ್ತು ತಿಂಗಳು, ವಂಶವಾಹಿಯೂ ಅದೇ. ಆದರೂ ನಾಲ್ಕರಲ್ಲಿ ಮೂರು ಜೋಡಿಗಳಲ್ಲಿ ಎರಡನೆಯವರು ಪಾರಾಗಿದ್ದಾರೆ. ಅಮ್ಮನ ಮೇಲೆ ಬೆರಳು ತೋರಿಸುವ ಮೊದಲು ಈ ಒಂದು ಸಂಗತಿಯನ್ನು ಯೋಚಿಸಿ ಎಂದು ನಾನು ಬೇಡಿಕೊಳ್ಳುತ್ತೇನೆ.

ಈಗ ವಿಟಮಿನ್ ಡಿ. 2005ರಲ್ಲಿ ಕೆನಡಾ, ಬ್ರಿಟನ್, ಡೆನ್ಮಾರ್ಕ್ ಮತ್ತು ಸ್ವೀಡನ್‌ನ 42,000ಕ್ಕೂ ಹೆಚ್ಚು ರೋಗಿಗಳ ಹುಟ್ಟಿದ ತಿಂಗಳನ್ನು ಲೆಕ್ಕ ಹಾಕಿದರು. ಮೇ ತಿಂಗಳಲ್ಲಿ ಹುಟ್ಟಿದವರು ನಿರೀಕ್ಷೆಗಿಂತ ಸುಮಾರು ನೂರಕ್ಕೆ 9ರಷ್ಟು ಹೆಚ್ಚು, ನವೆಂಬರಿನವರು ಅಷ್ಟೇ ಕಡಿಮೆ. ಆ ದೇಶಗಳಲ್ಲಿ ಮೇಯಲ್ಲಿ ಹೆರುವ ತಾಯಿ ಗರ್ಭದ ಬಹುಭಾಗವನ್ನು ಬಿಸಿಲು ಕಡಿಮೆಯಿರುವ ತಿಂಗಳುಗಳಲ್ಲಿ ಕಳೆದಿರುತ್ತಾಳೆ. ಅಲ್ಲಿಂದ ಸಂಶಯ ವಿಟಮಿನ್ ಡಿಯ ಕಡೆಗೆ ಹೋಯಿತು. ಫಿನ್ಲೆಂಡಿನಲ್ಲಿ ಗರ್ಭಿಣಿಯರಿಂದ ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭದ ಆರಂಭದಲ್ಲಿ ತೀವ್ರ ಕೊರತೆಯಿದ್ದ ತಾಯಂದಿರ ಮಕ್ಕಳಿಗೆ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು ಕಂಡಿತು. ಮರುವರ್ಷ ಡೆನ್ಮಾರ್ಕಿನವರು ನವಜಾತ ಶಿಶುಗಳ ಹಿಮ್ಮಡಿಯಿಂದ ತೆಗೆದು ಒಣಗಿಸಿಟ್ಟಿದ್ದ ರಕ್ತದ ಹನಿಗಳನ್ನು ನೋಡಿದರು. ವಿಟಮಿನ್ ಡಿ ಅತಿ ಹೆಚ್ಚಿದ್ದ ಗುಂಪಿನಲ್ಲಿ ಅಪಾಯ ಅತಿ ಕಡಿಮೆಯಿದ್ದ ಗುಂಪಿನದರ ಅರ್ಧದಷ್ಟು. ಆದರೆ ಸ್ವೀಡನ್ನಿನಲ್ಲಿ ಇಂಥದ್ದೇ ಹನಿಗಳನ್ನು ನೋಡಿದಾಗ ಸಂಬಂಧ ಕಾಣಲಿಲ್ಲ. ಆದ್ದರಿಂದ ನಾನು ಇದನ್ನು ಬಲವಾದ ಸಂಶಯ ಎನ್ನುತ್ತೇನೆ, ತೀರ್ಪು ಎನ್ನುವುದಿಲ್ಲ.

"ಎರಡು ಪಟ್ಟು" ಎಂದು ಕೇಳಿ ಹೆದರುವವರಿಗೆ ಇನ್ನೊಂದು ಮಾತು. ಬಹಳ ಸಣ್ಣ ಅಪಾಯ ಎರಡು ಪಟ್ಟಾದರೂ ಸಣ್ಣದೇ. ಕೊರತೆಯಿದ್ದ ತಾಯಂದಿರ ಮಕ್ಕಳಲ್ಲೂ ಬಹುಪಾಲು ಮಂದಿಗೆ ಎಂ.ಎಸ್. ಬರಲೇ ಇಲ್ಲ. ಅದರಲ್ಲೂ ನಮ್ಮ ಊರಿನ ಲೆಕ್ಕ ಬೇರೆ. ಮಂಗಳೂರು ನಗರದಲ್ಲೇ ಎಣಿಕೆ ಮಾಡಿದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಂಕಿ ಲಕ್ಷಕ್ಕೆ 8ರಿಂದ 9 ಮಂದಿ. ಉತ್ತರ ಯುರೋಪಿನಲ್ಲಿ ಅದು ಲಕ್ಷಕ್ಕೆ ನೂರನ್ನು ಮೀರುತ್ತದೆ. ಹುಟ್ಟಿದ ತಿಂಗಳ ಲೆಕ್ಕವನ್ನಂತೂ ಇಲ್ಲಿಗೆ ತರಲೇಬಾರದು. ನಮ್ಮಲ್ಲಿ ಮಳೆಗಾಲದ ಮೋಡ ಬಿಟ್ಟರೆ ವರ್ಷವಿಡೀ ಬಿಸಿಲು. ಬಿಸಿಲಿದ್ದೂ ನಮ್ಮ ಹೆಂಗಸರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ ಎಂಬುದು ನಿಜ. ಮನೆಯೊಳಗಿನ ಕೆಲಸ, ಮೈತುಂಬ ಬಟ್ಟೆ, ಬಾಣಂತನದಲ್ಲಿ ಮುಚ್ಚಿದ ಕೋಣೆ. ಎಳೆ ಬಿಸಿಲಿಗೆ ಮಗುವನ್ನು ಹಿಡಿಯುವ ರೂಢಿ ನನಗೂ ಇಷ್ಟ, ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವ ಕಿರಣ ಮುಂಜಾನೆ ಬಹಳ ಕಡಿಮೆ. ಅದಕ್ಕಾಗಿಯೇ ಮಕ್ಕಳ ವೈದ್ಯರು ಮೊದಲ ವರ್ಷವಿಡೀ ದಿನಕ್ಕೆ 400 ಯೂನಿಟ್‌ನ ಹನಿ ಬರೆದುಕೊಡುವುದು. ಅದು ಮೂಳೆಗೆ ಬೇಕು. ಎಂ.ಎಸ್. ತಡೆಯುತ್ತದೆಯೋ ಇಲ್ಲವೋ, ಕೊಡಲೇಬೇಕು.

ಸಿಸೇರಿಯನ್‌ನಿಂದ ಬರುತ್ತದೆಯೇ? ಅಧ್ಯಯನಗಳು ಒಂದಕ್ಕೊಂದು ವಿರುದ್ಧವಾಗಿವೆ. ಗ್ರಹಣಕ್ಕೂ ಪಪ್ಪಾಯಿಗೂ ಸಂಬಂಧವಿಲ್ಲ.

ಗರ್ಭಕ್ಕಿಂತ ನಂತರದ ವರ್ಷಗಳ ಪುರಾವೆಯೇ ಗಟ್ಟಿಯಾಗಿದೆ, ಮತ್ತು ಆ ಬಗ್ಗೆ ಯಾರೂ ನನ್ನನ್ನು ಕೇಳುವುದಿಲ್ಲ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎಪ್‌ಸ್ಟೈನ್ ಬಾರ್ ವೈರಸ್ ತಗಲಿದ ಮೇಲೆ ಎಂ.ಎಸ್. ಅಪಾಯ 32 ಪಟ್ಟು ಏರುತ್ತದೆ. ಇದು ಎಂಜಲಿನಿಂದ ಹರಡುವ, ದೊಡ್ಡವರಾಗುವಷ್ಟರಲ್ಲಿ ಬಹುತೇಕ ಎಲ್ಲರಿಗೂ ಬಂದುಹೋಗುವ ವೈರಸ್. ಎಳವೆಯಲ್ಲಿ ಬಂದರೆ ಗೊತ್ತೇ ಆಗದೆ ಹೋಗುತ್ತದೆ, ಹದಿಹರೆಯದಲ್ಲಿ ಜ್ವರ ಮತ್ತು ಗಂಟಲ ಗಂಟುಗಳಾಗಿ ಕಾಣಿಸಿಕೊಂಡರೆ ಎಂ.ಎಸ್. ಅಪಾಯ ಹೆಚ್ಚು. ಇದನ್ನು ಯಾವ ತಾಯಿ ತಡೆಯಬಲ್ಲಳು? ಬಾಲ್ಯ ಮತ್ತು ಹದಿಹರೆಯದ ಬೊಜ್ಜಿಗೂ ಸಂಬಂಧ ಕಂಡಿದೆ.

ಇನ್ನೊಂದು ಹೊಗೆ. ಮನೆಯಲ್ಲಿ ಹೆತ್ತವರು ಧೂಮಪಾನ ಮಾಡುತ್ತಿದ್ದ ಮಕ್ಕಳಿಗೆ ಬಾಲ್ಯದಲ್ಲೇ ಎಂ.ಎಸ್. ಬರುವ ಅಪಾಯ ಸುಮಾರು ಎರಡು ಪಟ್ಟು ಎಂದು 2007ರಲ್ಲಿ ಫ್ರಾನ್ಸಿನ ಅಧ್ಯಯನವೊಂದು ಹೇಳಿತು. ನಮ್ಮ ಕಡೆ ಬೀಡಿ, ಸಿಗರೇಟು ಸೇದುವವರು ಹೆಚ್ಚಾಗಿ ಗಂಡಸರು. ಆದರೂ ಅಪ್ಪ ಜಗಲಿಯಲ್ಲಿ ಕೂತು ಏನು ಸೇದುತ್ತಿದ್ದರು ಎಂದು ಇವತ್ತಿನವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಅವರನ್ನು ದೂರಬೇಕು ಎಂದಲ್ಲ. ತಪ್ಪು ಹುಡುಕುವ ಕಣ್ಣು ಹೆಂಗಸಿನ ಹೊಟ್ಟೆಯ ಮೇಲೆಯೇ ಏಕೆ ನಿಲ್ಲುತ್ತದೆ ಎಂಬುದು ನನ್ನ ನೋವು.

ಅಕ್ಕನ ಮಗಳು ಈಗ ಬಸುರಿ. ಮಗುವಿಗೂ ಬರುತ್ತದೆಯೇ ಎಂದು ಅವಳು ಕೇಳಿದಳು. ಸ್ವಂತ ತಾಯಿಗೋ ತಂದೆಗೋ ಎಂ.ಎಸ್. ಇದ್ದ ಮಕ್ಕಳಿಗೇ ಪಶ್ಚಿಮದ ದೇಶಗಳಲ್ಲಿ ಅಪಾಯ ನೂರಕ್ಕೆ ಎರಡು ಮೂರು, ನಾನು ಅವಳ ಚಿಕ್ಕಮ್ಮ, ಅವಳ ಮಗುವಿಗೆ ನನ್ನಿಂದ ಸೇರುವ ಪಾಲು ಅದಕ್ಕಿಂತ ಎಷ್ಟೋ ಕಡಿಮೆ ಎಂದು ಹೇಳಿದೆ. ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳು, ಅವರು ಹೇಳಿದಷ್ಟೇ ತೆಗೆದುಕೋ, ಮಿತಿ ಮೀರಿದರೆ ಅದೂ ಹಾನಿ ಎಂದೆ. ಭಾವನನ್ನು ಪಕ್ಕಕ್ಕೆ ಕರೆದು ಸಿಗರೇಟಿನ ವಿಷಯವನ್ನೂ ಮಾತಾಡಿದೆ. ಅವರು ಬಿಟ್ಟಿಲ್ಲ, ಆದರೆ ಮನೆಯೊಳಗೆ ಸೇದುವುದು ನಿಂತಿದೆ.