4294967297: ಅವಿಭಾಜ್ಯದಂತೆ ಕಾಣುವ ಸಂಖ್ಯೆ

2ರ 32ನೇ ಘಾತಕ್ಕೆ 1 ಕೂಡಿಸಿದರೆ 4294967297. ಇದು ಅವಿಭಾಜ್ಯ ಎಂದು ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನು 641 × 6700417 ಎಂದು ಒಡೆದ.

641 ಭಾಗಿಸುತ್ತದೆ ಎಂದು ತಿಳಿಯಲು ಭಾಗಾಕಾರವೇ ಬೇಡ. 641 = 5 × 128 + 1. ಅಂದರೆ 641ರಿಂದ ಭಾಗಿಸಿದಾಗ 5 × 2⁷ಕ್ಕೂ −1ಕ್ಕೂ ಶೇಷ ಒಂದೇ. ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ರ ಶೇಷ 1. ಇತ್ತ 641 = 625 + 16 ಕೂಡ ಹೌದು, ಹಾಗಾಗಿ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1; 2³² + 1 ನಿಶ್ಶೇಷ. ಎಷ್ಟು ಸಲ ನೋಡಿದರೂ ಬೆರಗು ಹುಟ್ಟಿಸುವ ಸಾಧನೆ ಇದು!

ಉಳಿದ 6700417 ಅವಿಭಾಜ್ಯವೇ? ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳೆಲ್ಲ 128k + 1 (k ಪೂರ್ಣಾಂಕ) ರೂಪದಲ್ಲೇ ಇರಬೇಕು. ವರ್ಗಮೂಲ ಸುಮಾರು 2588. ಅಷ್ಟರೊಳಗೆ ಆ ರೂಪದ ಅವಿಭಾಜ್ಯಗಳು ಐದೇ: 257, 641, 769, 1153, 1409. ಶೇಷಗಳು ಕ್ರಮವಾಗಿ 170, 44, 120, 334, 622. ಯಾವುದೂ ಸೊನ್ನೆಯಲ್ಲ, ಆದ್ದರಿಂದ ಅವಿಭಾಜ್ಯ.

4294967297 ಅನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸುವವರು ಎಡವುವುದು ಎರಡು ಕಡೆ. 32 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕದಲ್ಲಿ ಈ ಸಂಖ್ಯೆ ಹಿಡಿಸದೆ 1 ಆಗಿಬಿಡುತ್ತದೆ. 64 ಬಿಟ್ ಬಳಸಿ. ಇನ್ನು ಆಧಾರ 2 ಇಟ್ಟು ಮಾಡುವ ಫರ್ಮಾ ಪರೀಕ್ಷೆಯಲ್ಲಿ (ಸಂಖ್ಯೆ n ಆದರೆ, 2ರ n − 1ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬಂದರೆ ತೇರ್ಗಡೆ) ಇದು ತಪ್ಪಾಗಿ ತೇರ್ಗಡೆಯಾಗುತ್ತದೆ. ಆಧಾರ 3 ಇಟ್ಟರೆ ಸಿಕ್ಕಿಬೀಳುತ್ತದೆ.