ಓಂ ಬೀಚ್ ಬಿಟ್ಟು ಕೆಸರಿನ ಫೋಟೋ ಯಾಕೆ?

ಗೋಕರ್ಣದ ಕಡೆ ಹೋಗಿಬಂದೆ ಅಂದರೆ ಸಾಕು, ಎಲ್ಲರೂ ಇದನ್ನೇ ಕೇಳುತ್ತಾರೆ: ಅಷ್ಟು ಚಂದದ ಬೀಚ್ ಇರುವಾಗ ಪಾಳು ಕೋಟೆ, ಕೆಸರುಗದ್ದೆ, ಉಪ್ಪಿನ ಆಗರ ಇವನ್ನೆಲ್ಲ ಯಾಕೆ ತೆಗೆಯುತ್ತೀರಿ?

ಬೀಚ್ ಫೋಟೋ ಎಲ್ಲರ ಹತ್ತಿರವೂ ಇದೆ, ಅದು ಸಣ್ಣ ಕಾರಣ. ದೊಡ್ಡ ಕಾರಣ ಹೊಳೆ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯನ್ನೇ ನೋಡಿ, ಅಘನಾಶಿನಿ ದಂಡೆಯಲ್ಲಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಕಟ್ಟಿಸಿದ್ದು ಅನ್ನುತ್ತಾರೆ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆದರು. ಮೆಣಸಿನ ವ್ಯಾಪಾರ, ಅದಕ್ಕೆ ಹೊಳೆ, ಹೊಳೆಗೆ ಕಾವಲು. ಹಾಗಿರುವಾಗ ಗೋಡೆಯ ಫೋಟೋ ಮಾತ್ರ ತೆಗೆದು ನೀರನ್ನು ಫ್ರೇಮಿನಿಂದ ಹೊರಗಿಟ್ಟರೆ ಕೋಟೆಗೆ ಅಲ್ಲೇನು ಕೆಲಸ ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ?

ಮಳೆಗಾಲದ ಮಿರ್ಜಾನ್‌ನ ಡ್ರೋನ್ ವಿಡಿಯೋ ನೋಡಿರುತ್ತೀರಿ. ಹಸಿರೋ ಹಸಿರು. ನನಗೆ ಅದು ಪಾರ್ಕ್ ಥರ ಕಾಣುತ್ತದೆ. ಕಂದಕದ ಮಟ್ಟದಲ್ಲಿ ನಿಂತು ತಲೆ ಎತ್ತಿದರೆ ದುಂಡು ಬುರುಜು ಮೈಮೇಲೇ ಬರುತ್ತದೆ, ನುಗ್ಗಲು ಬಂದವನ ಪಾಡು ಏನಾಗಿದ್ದಿರಬೇಕು ಅಂತ ಆಗ ಅಂದಾಜಾಗುತ್ತದೆ. ಗೋಡೆಯ ಚಿರೆಕಲ್ಲನ್ನು (ಜಂಬಿಟ್ಟಿಗೆ) ಹತ್ತಿರದಿಂದ ನೋಡಿ. ಒಣಗಿದ್ದಾಗ ಕೆಂಪು, ನೆನೆದರೆ ಕಡು ಕಂದು, ತೂತುಗಳಲ್ಲೆಲ್ಲ ಪಾಚಿ. ಬಿಸಿಲಿನಲ್ಲಿ ಆ ತೂತುಗಳು ಬರೀ ಕಪ್ಪು ಚುಕ್ಕಿ, ಮೋಡ ಕವಿದಾಗಲೇ ಒಳಗಿನ ಬಣ್ಣ ಕಾಣುವುದು. ಒದ್ದೆ ಕಲ್ಲು ಹೊಳೆಯುತ್ತದೆ, ಆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಲೆನ್ಸಿಗೆ ಹಾಕಿ.

ಹೊಳೆ ಸಮುದ್ರ ಸೇರುವ ಕಡೆ ಗಜನಿ ಗದ್ದೆಗಳಿವೆ, ಅಂದರೆ ಉಪ್ಪುನೀರು ಹೊಕ್ಕುವ ತಗ್ಗು ಗದ್ದೆಗಳು. ಉಪ್ಪುನೀರು ತಡೆಯುವ ಕಗ್ಗ ಭತ್ತ ಅಲ್ಲಿ ಬೆಳೆಯುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಬೇಸಿಗೆಯಲ್ಲಿ ಉಪ್ಪು ತೆಗೆಯುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜಾಸ್ತಿ, ಕೆಸರು ದೂರದವರೆಗೆ ಬಯಲಾಗುತ್ತದೆ. ಸುಮ್ನೆ ಖಾಲಿ ಜಾಗ ಅಂದುಕೊಂಡು ದಾಟಿಹೋಗುವವರೇ ಹೆಚ್ಚು, ಅಲ್ಲಿ ಚಿಪ್ಪಿ ಹೆಕ್ಕಿ ಬದುಕುವವರಿದ್ದಾರೆ. ಅವರನ್ನು ಕೇಳದೆ ಕ್ಯಾಮೆರಾ ಎತ್ತಬೇಡಿ.

ಇಷ್ಟು ದೂರ ಬರಲಾಗದಿದ್ದರೆ ಮಂಗಳೂರಿನ ಬೋಳೂರಿಗೆ ಹೋಗಿ, ಸುಲ್ತಾನ್ ಬತ್ತೇರಿ ಅನ್ನುವ ಕಾವಲು ಬುರುಜು ಅಲ್ಲಿದೆ. ಯುದ್ಧದ ಹಡಗುಗಳು ಗುರುಪುರ ಹೊಳೆಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಜನ ಹೊರಗೆ ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ನೀವು ಮೇಲೆ ಹತ್ತಿ ತೋಪಿನ ಕಿಂಡಿಯನ್ನೇ ಫ್ರೇಮ್ ಮಾಡಿಕೊಳ್ಳಿ, ಗುರಿ ಎಲ್ಲಿಗಿತ್ತು ಅಂತ ಯಾರೂ ವಿವರಿಸಬೇಕಾಗಿಲ್ಲ. ಕಲ್ಲು ಕಪ್ಪು, ನೀರಿನ ಹೊಳಪು ಜಾಸ್ತಿ, ಹಾಗಾಗಿ ಎಕ್ಸ್‌ಪೋಷರ್ (ಬೆಳಕಿನ ಅಳತೆ) ನೀರಿಗೆ ಹೊಂದಿಸಿ ಇಡಿ.